ಹೋದ ವರ್ಷ ಕಷ್ಟವೋ, ಈ ವರ್ಷ ಕಷ್ಟವೋ? ಫುಟ್‌ಬಾಲ್ ಸೀಸನ್‌ಗಳ ಎದುರಾಳಿಗಳನ್ನು ತೂಗುವ ದಾರಿಗಳು

ಸೀಸನ್ ಮುಗಿದ ಮೇಲೆ ಬೆಳಗಾವಿಯ ಲೇಲೆ ಮೈದಾನದ ಸುತ್ತಮುತ್ತ ಕೇಳಿಬರುವ ವಾದ ಸಾಮಾನ್ಯವಾಗಿ ಒಂದೇ. “ಹೋದ ವರ್ಷ ಸಲೀಸಿತ್ತರೀ. ಈ ವರ್ಷ ಒಂದೊಂದು ಟೀಮೂ ಗಟ್ಟಿ ಬಂದಿತ್ತು.” ಸೋತವರು ಹೀಗೆ ಹೇಳುತ್ತಾರೆ. ಗೆದ್ದವರೂ ಹೀಗೇ ಹೇಳುತ್ತಾರೆ, ಗೆಲುವಿನ ಬೆಲೆ ಏರಲಿ ಅಂತ. ಆಮೇಲೆ ಯಾರೋ ಒಬ್ಬರು ಮೊಬೈಲ್ ತೆಗೆದು ಎದುರಾಳಿಗಳು ಎಷ್ಟೆಷ್ಟು ಪಂದ್ಯ ಗೆದ್ದಿದ್ದರು ಅಂತ ಕೂಡಿಸಲು ಶುರು ಮಾಡುತ್ತಾರೆ.

ಕೂಡಿಸುವುದರಲ್ಲಿ ತಪ್ಪಿಲ್ಲ. ಆದರೆ ಹೇಗೆ ಕೂಡಿಸಬೇಕು ಎನ್ನುವುದಕ್ಕೆ ನಾಲ್ಕೈದು ದಾರಿಗಳಿವೆ, ಮತ್ತು ಅವು ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತವೆ. ಯಾವ ದಾರಿ ಯಾವಾಗ ನಡೆಯುತ್ತದೆ, ಯಾವಾಗ ಕೈಕೊಡುತ್ತದೆ ಅಂತ ಇಲ್ಲಿ ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಎಲ್ಲರ ಜೊತೆ ಆಡುವ ಲೀಗ್ ಆದರೆ ಈ ಲೆಕ್ಕವನ್ನೇ ಮಾಡಬೇಡಿ. ಎದುರಾಳಿಗಳು ತಂಡದಿಂದ ತಂಡಕ್ಕೆ ಬೇರೆಯಾಗುವ ಟೂರ್ನಿಯಲ್ಲಿ ಮಾಡಿ, ಆದರೆ ನಿಮ್ಮದೇ ಪಂದ್ಯಗಳನ್ನು ಕಳೆದು ಮಾಡಿ. ಎರಡು ಸೀಸನ್‌ಗಳನ್ನು ಅಕ್ಕಪಕ್ಕ ಇಡಬೇಕಾದರೆ ಗೆಲುವಿನ ಪಟ್ಟಿ ಒಂದರಿಂದಲೇ ಸಾಲುವುದಿಲ್ಲ, ಹೊರಗಿನ ಕೊಂಡಿಯೊಂದು ಬೇಕು.

ಮೊದಲು ಅಳತೆ ಸರಿಯಾಗಲಿ

ಬರೀ ಗೆಲುವಿನ ಎಣಿಕೆ ಸೀಸನ್‌ನಿಂದ ಸೀಸನ್‌ಗೆ ಹೋಲುವುದಿಲ್ಲ, ಯಾಕೆಂದರೆ ಪಂದ್ಯಗಳ ಸಂಖ್ಯೆಯೇ ಬದಲಾಗುತ್ತದೆ. ಇಂಡಿಯನ್ ಸೂಪರ್ ಲೀಗನ್ನೇ (ಐಎಸ್‌ಎಲ್) ತಗೊಳ್ಳಿ. 2018-19ರಲ್ಲಿ ಹತ್ತು ತಂಡ, ಲೀಗ್ ಹಂತದಲ್ಲಿ ತಲಾ 18 ಪಂದ್ಯ. 2020-21ರಲ್ಲಿ ಹನ್ನೊಂದು ತಂಡ, 20 ಪಂದ್ಯ. 2023-24ರಲ್ಲಿ ಹನ್ನೆರಡು ತಂಡ, 22 ಪಂದ್ಯ. ಅಮೆರಿಕದ ಎನ್‌ಎಫ್‌ಎಲ್‌ನಲ್ಲೂ 1978ರಿಂದ 2020ರವರೆಗೆ ತಲಾ 16 ಪಂದ್ಯವಿತ್ತು (ಮುಷ್ಕರದ ವರ್ಷಗಳನ್ನು ಬಿಟ್ಟು), 2021ರಿಂದ 17. ಅವರ ಫುಟ್‌ಬಾಲ್ ನಮ್ಮದಲ್ಲ, ಕೈಯಲ್ಲಿ ಆಡುವಂಥದ್ದು. ಆದರೆ ಎದುರಾಳಿಗಳ ಗೆಲುವನ್ನು ಲೆಕ್ಕ ಹಾಕುವ ಹುಚ್ಚು ಅವರಿಗೇ ಜಾಸ್ತಿ, ಹಾಗಾಗಿ ಅವರ ಮಾತು ಮತ್ತೆ ಮತ್ತೆ ಬರುತ್ತದೆ.

ಆದ್ದರಿಂದ ಎಣಿಕೆ ಬಿಟ್ಟು ಪಾಲು ಹಿಡಿಯಿರಿ. ಗೆಲುವಿಗೆ ಒಂದು, ಡ್ರಾಗೆ ಅರ್ಧ, ಸೋಲಿಗೆ ಸೊನ್ನೆ. ಕೂಡಿಸಿ, ಆಡಿದ ಪಂದ್ಯಗಳಿಂದ ಭಾಗಿಸಿ. ಎನ್‌ಎಫ್‌ಎಲ್ ಮಾಡುವುದೂ ಹೀಗೇ. ಗೆದ್ದರೆ ಮೂರು, ಡ್ರಾ ಆದರೆ ಒಂದು ಅನ್ನುವ ಅಂಕಪಟ್ಟಿಯನ್ನು ಈ ಕೆಲಸಕ್ಕೆ ಬಳಸದಿರುವುದೇ ಮೇಲು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಇನ್ನೊಂದು ಚಿಕ್ಕ ಎಚ್ಚರಿಕೆ. ಪ್ರತಿ ಎದುರಾಳಿಯ ಪಾಲು ತೆಗೆದು ಅವುಗಳ ಸರಾಸರಿ ಮಾಡಬೇಡಿ. ಎಲ್ಲರ ಗೆಲುವನ್ನೂ ಒಟ್ಟಿಗೆ ಕೂಡಿಸಿ, ಎಲ್ಲರ ಪಂದ್ಯಗಳ ಮೊತ್ತದಿಂದ ಭಾಗಿಸಿ. ಒಬ್ಬ ಎದುರಾಳಿ ಎರಡೇ ಪಂದ್ಯ ಆಡಿ ಎರಡನ್ನೂ ಗೆದ್ದಿದ್ದಾನೆ, ಇನ್ನೊಬ್ಬ ಹತ್ತು ಆಡಿ ನಾಲ್ಕು ಗೆದ್ದಿದ್ದಾನೆ ಅಂದುಕೊಳ್ಳಿ. ಪಾಲುಗಳ ಸರಾಸರಿ 0.7 ಬರುತ್ತದೆ. ಒಟ್ಟು ಲೆಕ್ಕದಲ್ಲಿ ಹನ್ನೆರಡಕ್ಕೆ ಆರು, ಅಂದರೆ 0.5. ಎರಡು ಪಂದ್ಯದ ಸಾಹುಕಾರನಿಗೆ ಅಷ್ಟೊಂದು ಮರ್ಯಾದೆ ಕೊಡಬೇಕಾಗಿಲ್ಲ.

ಇದ್ದದ್ದನ್ನು ಇದ್ದ ಹಾಗೇ ಕೂಡಿಸುವುದು

ಎಲ್ಲರೂ ಮೊದಲು ಮಾಡುವುದು ಇದನ್ನೇ. ಸೀಸನ್ ಮುಗಿದ ಮೇಲೆ ಎದುರಾಳಿಗಳ ಒಟ್ಟು ಗೆಲುವು ನೋಡುವುದು. ಎಲ್ಲಿ ಎಡವುತ್ತದೆ ಅಂತ ತೋರಿಸಲು ಬೆಂಗಳೂರು ಎಫ್‌ಸಿಯ ಎರಡು ಸೀಸನ್ ತೆಗೆದುಕೊಳ್ಳುತ್ತೇನೆ. (ಬೆಳಗಾವಿಯಲ್ಲಿ ಕೂತು ಬೆಂಗಳೂರಿನ ಉದಾಹರಣೆ ಯಾಕೆ ಅಂತ ಕೆಲವರು ಕೇಳಬಹುದು. ನಮಗೆ ಹತ್ತಿರದ ಐಎಸ್‌ಎಲ್ ಮೈದಾನ ಮಡಗಾಂವ್‌ನ ಫತೋರ್ಡಾ, ಚೋರ್ಲಾ ಘಾಟ್ ಇಳಿದರೆ ಗೋವಾ. ಊರಲ್ಲಿ ಎರಡೂ ತಂಡಕ್ಕೆ ಜನ ಇದ್ದಾರೆ. ಗೋವಾದ ಕಡೆಯವರು ಇದೇ ಲೆಕ್ಕವನ್ನು ಗೋವಾಕ್ಕೆ ಹಾಕಿ ನೋಡಿ, ಬರುವ ಪಾಠ ಅದೇ.)

2017-18 ಬೆಂಗಳೂರಿಗೆ ಐಎಸ್‌ಎಲ್‌ನಲ್ಲಿ ಮೊದಲ ಸೀಸನ್. 13 ಗೆಲುವು, 1 ಡ್ರಾ, 4 ಸೋಲು, 40 ಅಂಕ, ಪಟ್ಟಿಯಲ್ಲಿ ಮೊದಲು. ಆದರೆ ಕಂಠೀರವದಲ್ಲಿ ನಡೆದ ಫೈನಲ್‌ನಲ್ಲಿ ಚೆನ್ನೈಯಿನ್‌ಗೆ 2-3ರಲ್ಲಿ ಸೋತಿತು. 2018-19ರಲ್ಲಿ 10 ಗೆಲುವು, 4 ಡ್ರಾ, 4 ಸೋಲು, 34 ಅಂಕ. ಈ ಸಲ ಮುಂಬೈನಲ್ಲಿ ಗೋವಾವನ್ನು 1-0ಯಿಂದ ಸೋಲಿಸಿ ಕಪ್ ಎತ್ತಿತು. ಎರಡೂ ಸೀಸನ್‌ಗಳಲ್ಲಿ ಅದೇ ಹತ್ತು ತಂಡ, ಅದೇ 18 ಪಂದ್ಯ. ಹೋಲಿಸಲು ಇದಕ್ಕಿಂತ ಒಳ್ಳೆ ಜೋಡಿ ಸಿಗಲಾರದು, ಅಲ್ವಾ?

ಈಗ ಪ್ರಶ್ನೆ. ಲೀಗ್ ಹಂತದಲ್ಲಿ ಬೆಂಗಳೂರಿಗೆ ಯಾವ ವರ್ಷದ ಎದುರಾಳಿಗಳು ಗಟ್ಟಿ?

ಗೆಲುವಷ್ಟೇ ಎಣಿಸೋಣ. 2017-18ರಲ್ಲಿ ಉಳಿದ ಒಂಬತ್ತು ತಂಡಗಳ ಒಟ್ಟು ಗೆಲುವು 59. ಮರುವರ್ಷ 52. ಹಾಗಾದರೆ ಮೊದಲ ವರ್ಷವೇ ಕಷ್ಟ, ಅದೂ ಸುಮಾರು ಅಂತರದಲ್ಲಿ. ಅಂಕ ಎಣಿಸೋಣ. ಎದುರಾಳಿಗಳ ಸರಾಸರಿ ಮೊದಲ ವರ್ಷ 23.6, ಮರುವರ್ಷ 23.1. ಮೊದಲ ವರ್ಷವೇ ಕಷ್ಟ, ಆದರೆ ಕೂದಲೆಳೆಯಷ್ಟು. ಇನ್ನು ಡ್ರಾಗೆ ಅರ್ಧ ಕೊಟ್ಟು ಪಾಲು ತೆಗೆಯೋಣ. ಮೊದಲ ವರ್ಷ 0.472, ಮರುವರ್ಷ 0.481. ಈಗ ಎರಡನೇ ವರ್ಷ ಕಷ್ಟ!

ಮೂರು ಲೆಕ್ಕ, ಎರಡು ತೀರ್ಪು. ಒಂದೇ ಪಟ್ಟಿಯಿಂದ ಬಂದವು.

ಗೆಲುವಿನ ಸಂಖ್ಯೆ 59ರಿಂದ 52ಕ್ಕೆ ಇಳಿದದ್ದು ಎದುರಾಳಿಗಳು ಸೊರಗಿದ್ದರಿಂದ ಅಲ್ಲ. ಲೀಗ್ ಹಂತದ 90 ಪಂದ್ಯಗಳಲ್ಲಿ ಮೊದಲ ವರ್ಷ 18 ಡ್ರಾ ಆಗಿದ್ದವು, ಮರುವರ್ಷ 28. ಡ್ರಾ ಆದ ಪಂದ್ಯದಲ್ಲಿ ಯಾರಿಗೂ ಗೆಲುವಿಲ್ಲ, ಹಾಗಾಗಿ ಎಲ್ಲರ ಗೆಲುವೂ ಕಡಿಮೆಯಾಯಿತು. ಅಂಕಕ್ಕೂ ಇದೇ ರೋಗ. ಗೆದ್ದ ಪಂದ್ಯ ಪಟ್ಟಿಗೆ ಮೂರು ಅಂಕ ಸೇರಿಸುತ್ತದೆ, ಡ್ರಾ ಆದ ಪಂದ್ಯ ಎರಡೇ. ಮೊದಲ ವರ್ಷ ಎಲ್ಲರ ಅಂಕ ಸೇರಿ 252, ಮರುವರ್ಷ 242. ಹತ್ತು ಡ್ರಾ ಹೆಚ್ಚಾದವು, ಹತ್ತು ಅಂಕ ಕರಗಿದವು. ಬಲದ ಸುದ್ದಿಯೇ ಇದರಲ್ಲಿ ಇಲ್ಲ. ಇನ್ನು ಹಳೆಯ ಕಾಲದ ಸೀಸನ್‌ಗಳಿಗೆ ಹೋದರೆ ಗೆಲುವಿಗೆ ಎರಡೇ ಅಂಕ ಇತ್ತು. ಇಂಗ್ಲೆಂಡ್ ಮೂರಕ್ಕೆ ಬಂದದ್ದು 1981ರಲ್ಲಿ, ವಿಶ್ವಕಪ್ ಬಂದದ್ದು 1994ರಲ್ಲಿ. ಅಂಕ ಹಿಡಿದು ಹೋಲಿಸಿದರೆ ನಿಯಮದ ಬದಲಾವಣೆಯೂ ಎದುರಾಳಿಯ ಬಲ ಅಂತ ಲೆಕ್ಕಕ್ಕೆ ಬಂದುಬಿಡುತ್ತದೆ.

ಹಾಗಾದರೆ 0.472 ಮತ್ತು 0.481 ಎಲ್ಲಿಂದ ಬಂದವು? ಅದರ ಉತ್ತರ ಮುಂದಿನ ದಾರಿಯಲ್ಲಿದೆ.

ನಮ್ಮ ಪಂದ್ಯಗಳನ್ನು ಕಳೆದು ಕೂಡಿಸುವುದು

ನೀವು ಒಂದು ತಂಡವನ್ನು ಸೋಲಿಸಿದಾಗ ಆ ತಂಡದ ದಾಖಲೆಗೆ ಒಂದು ಸೋಲು ಸೇರುತ್ತದೆ. ಅಂದರೆ ನೀವು ಚೆನ್ನಾಗಿ ಆಡಿದಷ್ಟೂ ನಿಮ್ಮ ಎದುರಾಳಿಗಳು ಕಾಗದದ ಮೇಲೆ ದುರ್ಬಲರಾಗಿ ಕಾಣುತ್ತಾರೆ. ನೀವು ಸೋತಷ್ಟೂ ಅವರು ಪೈಲ್ವಾನರಾಗುತ್ತಾರೆ. ಇದು ಸಣ್ಣ ಲೀಗ್‌ಗಳಲ್ಲಿ ಭಾರಿ ಪರಿಣಾಮ ಮಾಡುತ್ತದೆ.

ಎಂಟು ತಂಡಗಳ ಲೀಗ್, ಒಬ್ಬರ ಮೇಲೆ ಒಬ್ಬರು ಒಂದೇ ಸಲ ಆಡುತ್ತಾರೆ ಅಂದುಕೊಳ್ಳಿ. ಬೆಳಗಾವಿಯ ಟಿಳಕವಾಡಿ ಬಡಾವಣೆಯ ತಂಡ ಏಳಕ್ಕೆ ಏಳೂ ಗೆದ್ದರೆ ಅದರ ಎದುರಾಳಿಗಳ ಪಾಲು 0.429. ಅದೇ ಲೀಗ್‌ನಲ್ಲಿ ಕ್ಯಾಂಪ್ ಬಡಾವಣೆಯ ತಂಡ ಏಳಕ್ಕೆ ಏಳೂ ಸೋತರೆ ಅದರ ಎದುರಾಳಿಗಳ ಪಾಲು 0.571. “ನಮಗೆ ಬಂದವರೆಲ್ಲ ಗಟ್ಟಿ ಟೀಮುಗಳು, ಅದಕ್ಕೇ ಸೋತೆವು” ಅಂತ ಕ್ಯಾಂಪ್‌ನವರು ಅಂಕಿ ಸಮೇತ ವಾದಿಸಬಹುದು. ಇಬ್ಬರೂ ಪರಸ್ಪರ ಆಡಿದ ಪಂದ್ಯ ಬಿಟ್ಟರೆ ಉಳಿದ ಆರು ಎದುರಾಳಿಗಳು ಇಬ್ಬರಿಗೂ ಅವರೇ!

ಮದ್ದು ಸರಳ. ಪ್ರತಿ ಎದುರಾಳಿಯ ದಾಖಲೆಯಿಂದ ಅವರು ನಿಮ್ಮ ವಿರುದ್ಧ ಆಡಿದ ಪಂದ್ಯ ತೆಗೆದುಬಿಡಿ. ಮೇಲಿನ ಉದಾಹರಣೆಯಲ್ಲಿ ಹಾಗೆ ಮಾಡಿದರೆ ಇಬ್ಬರಿಗೂ 0.500 ಬರುತ್ತದೆ. ಬೆಂಗಳೂರಿಗೆ? 2017-18ರಲ್ಲಿ 0.500. 2018-19ರಲ್ಲಿ 0.500. ಆ ವರ್ಷ ಕೊನೆಯ ಸ್ಥಾನಕ್ಕೆ ಬಿದ್ದ ಚೆನ್ನೈಯಿನ್‌ಗೆ? ಅದಕ್ಕೂ 0.500. ಕಳೆಯದೆ ನೋಡಿದರೆ ಚೆನ್ನೈಯಿನ್‌ನ ಎದುರಾಳಿಗಳು 0.534, ಲೀಗ್‌ನಲ್ಲೇ ಎಲ್ಲರಿಗಿಂತ ಕಠಿಣ ಫಿಕ್ಸ್ಚರ್ (ಪಂದ್ಯಗಳ ಪಟ್ಟಿ) ಅಂತ ಕಾಣುತ್ತಿತ್ತು.

ಇದು ಕಾಕತಾಳೀಯ ಅಲ್ಲ. ಎಲ್ಲರೂ ಎಲ್ಲರ ಜೊತೆ ಸಮನಾಗಿ ಆಡುವ ಲೀಗ್‌ನಲ್ಲಿ ನಿಮ್ಮನ್ನು ತೆಗೆದರೆ ಉಳಿಯುವುದು ಬೇರೆಯವರು ಬೇರೆಯವರ ಜೊತೆ ಆಡಿದ ಪಂದ್ಯಗಳು ಮಾತ್ರ. ಅಲ್ಲಿ ಪ್ರತಿ ಪಂದ್ಯದಲ್ಲೂ ಹಂಚಿಕೆಯಾಗುವುದು ಸರಿಯಾಗಿ ಒಂದು. ಒಬ್ಬನಿಗೆ ಬಂದದ್ದು ಇನ್ನೊಬ್ಬನಿಗೆ ಹೋಗಲಿಲ್ಲ. ಹಾಗಾಗಿ ಯಾವ ವರ್ಷ, ಯಾವ ತಂಡ, ಯಾವ ದೇಶ ಆದರೂ ಉತ್ತರ ಅರ್ಧವೇ. ಇದಕ್ಕೇ ನಾನು ಮೊದಲೇ ಹೇಳಿದ್ದು, ಪೂರ್ತಿ ಲೀಗ್‌ಗೆ ಈ ಲೆಕ್ಕ ಮಾಡಬೇಡಿ ಅಂತ. ಮಾಡಿದರೆ ಸಿಗುವುದು ನಿಮ್ಮದೇ ದಾಖಲೆಯ ತಲೆಕೆಳಗಾದ ನೆರಳು.

ಹಾಗಂತ ಕಳೆಯುವುದು ಯಾವಾಗಲೂ ಬೇಕೇ ಬೇಕು ಅಂತಲ್ಲ. ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ 2024-25ರಿಂದ ಹೊಸ ರೂಪಕ್ಕೆ ಬಂತು. 36 ತಂಡ, ಒಂದೇ ಪಟ್ಟಿ, ಆದರೆ ಪ್ರತಿ ತಂಡ ಆಡುವುದು ಎಂಟು ಬೇರೆ ಬೇರೆ ಎದುರಾಳಿಗಳ ಜೊತೆ ಮಾತ್ರ. ಯಾರಿಗೆ ಯಾರು ಸಿಗುತ್ತಾರೆ ಎನ್ನುವುದು ಬೇರೆ ಬೇರೆಯಾದ್ದರಿಂದ ಅಲ್ಲಿ ಈ ಲೆಕ್ಕಕ್ಕೆ ನಿಜವಾದ ಅರ್ಥವಿದೆ. ನಿಯಮದಲ್ಲೇ ಅದನ್ನು ಸೇರಿಸಿದ್ದಾರೆ. ಅಂಕ ಸಮವಾದರೆ ಮೊದಲು ಗೋಲು ಅಂತರ, ಹೊಡೆದ ಗೋಲು, ಹೊರಗಿನ ಮೈದಾನದ ಗೋಲು, ಗೆಲುವು, ಹೊರಗಿನ ಗೆಲುವು. ಇಷ್ಟೂ ಸಮವಾದರೆ ಎದುರಾಳಿಗಳೆಲ್ಲ ಸೇರಿ ಗಳಿಸಿದ ಅಂಕ ಯಾರಿಗೆ ಹೆಚ್ಚೋ ಅವರು ಮೇಲೆ. ಇಲ್ಲಿ ಸ್ವಂತ ಪಂದ್ಯ ಕಳೆಯುವುದಿಲ್ಲ. ಕಳೆಯಬೇಕಾಗಿಯೂ ಇಲ್ಲ! ಆ ಹಂತಕ್ಕೆ ಬರುವ ಹೊತ್ತಿಗೆ ಎರಡೂ ತಂಡಗಳ ಅಂಕ, ಗೆಲುವು ಸಮ. ಹಾಗಾದರೆ ಡ್ರಾ, ಸೋಲೂ ಸಮ. ಇಬ್ಬರೂ ತಮ್ಮ ಎದುರಾಳಿಗಳಿಗೆ ಕೊಟ್ಟ ಅಂಕ ಒಂದೇ. ಎನ್‌ಎಫ್‌ಎಲ್‌ನಲ್ಲಿ ಒಂದೇ ದಾಖಲೆಯ ತಂಡಗಳನ್ನು ಬೇರ್ಪಡಿಸಲು, ಹೊಸ ಆಟಗಾರರ ಆಯ್ಕೆಯ ಸರದಿ ನಿರ್ಧರಿಸಲು ಇದನ್ನೇ ಬಳಸುವುದೂ ಇದೇ ಕಾರಣಕ್ಕೆ ನಡೆಯುತ್ತದೆ.

ಇದರಿಂದ ನಿಮಗೆ ಒಂದು ನಿಯಮ ಸಿಗುತ್ತದೆ. ಎರಡು ಸೀಸನ್‌ನಲ್ಲೂ ನಿಮ್ಮ ಸ್ವಂತ ದಾಖಲೆ ಒಂದೇ ಆಗಿದ್ದರೆ ಕಳೆಯದಿದ್ದರೂ ಸರಿ. ದಾಖಲೆ ಬೇರೆಯಾಗಿದ್ದರೆ ಕಳೆಯಲೇಬೇಕು. ಬೇರೆಯಾಗಿರುವುದೇ ಜಾಸ್ತಿ, ಇಲ್ಲದಿದ್ದರೆ ವಾದವೇ ಹುಟ್ಟುತ್ತಿರಲಿಲ್ಲ.

ಹೋದ ವರ್ಷದ ಪಟ್ಟಿಯಿಂದ ಈ ವರ್ಷ ಅಳೆಯುವುದು

ಸೀಸನ್ ಶುರುವಾಗುವ ಮೊದಲೇ “ಈ ಸಲ ಕಷ್ಟ ಇದೆ” ಅಂತ ಹೇಳಬೇಕಾದರೆ ಬೇರೆ ದಾರಿಯೇ ಇಲ್ಲ, ಎದುರಾಳಿಗಳ ಹಿಂದಿನ ಸೀಸನ್‌ನ ದಾಖಲೆ ಹಿಡಿಯಬೇಕು. ಎನ್‌ಎಫ್‌ಎಲ್ ವೇಳಾಪಟ್ಟಿ ಬಂದ ದಿನ ಅಮೆರಿಕದ ಪತ್ರಿಕೆಗಳು ಮಾಡುವುದು ಇದನ್ನೇ. ಅಲ್ಲಿ 32 ತಂಡ, ಪ್ರತಿಯೊಂದಕ್ಕೂ 17 ಪಂದ್ಯ. ತನ್ನ ಗುಂಪಿನ ಮೂರು ತಂಡಗಳ ಜೊತೆ ಎರಡೆರಡು ಸಲ, ಉಳಿದವರಲ್ಲಿ ಹನ್ನೊಂದು ತಂಡಗಳ ಜೊತೆ ಒಂದೊಂದು ಸಲ. ಹಾಗಾಗಿ ಫಿಕ್ಸ್ಚರ್ ನಿಜವಾಗಿಯೂ ಬೇರೆ ಬೇರೆ. ಕೆಲವು ಪಂದ್ಯಗಳು ಹಿಂದಿನ ವರ್ಷ ಗುಂಪಿನಲ್ಲಿ ಅದೇ ಸ್ಥಾನ ಪಡೆದ ತಂಡಗಳ ಜೊತೆಯೇ ನಿಗದಿಯಾಗುತ್ತವೆ. ಮೊದಲು ಬಂದವನಿಗೆ ಮೊದಲು ಬಂದವನೇ ಸಿಗುತ್ತಾನೆ.

ಈ ದಾರಿಯ ಒಳ್ಳೆಯ ಗುಣ ಎಂದರೆ ನಿಮ್ಮ ಈ ವರ್ಷದ ಆಟ ಲೆಕ್ಕದೊಳಗೆ ನುಸುಳುವುದಿಲ್ಲ. ಕೆಟ್ಟ ಗುಣ ಏನು ಅಂತ ತಿಳಿಯಲು ಮತ್ತೆ ಅದೇ ಎರಡು ಐಎಸ್‌ಎಲ್ ಪಟ್ಟಿ ನೋಡಿ. 2017-18ರ ಚಾಂಪಿಯನ್ ಚೆನ್ನೈಯಿನ್ ಲೀಗ್‌ನಲ್ಲಿ 32 ಅಂಕ ಗಳಿಸಿತ್ತು. ಮರುವರ್ಷ 9 ಅಂಕ, ಕೊನೆಯ ಸ್ಥಾನ. 2017-18ರಲ್ಲಿ 11 ಅಂಕದಿಂದ ಕೊನೆಗೆ ನಿಂತಿದ್ದ ನಾರ್ತ್‌ಈಸ್ಟ್ ಯುನೈಟೆಡ್ ಮರುವರ್ಷ 29 ಅಂಕ ಗಳಿಸಿ ನಾಲ್ಕನೇ ಸ್ಥಾನಕ್ಕೆ ಏರಿತು. ಹಿಂದಿನ ವರ್ಷದ ಪಟ್ಟಿ ನಂಬಿ ಚೆನ್ನೈಯಿನ್ ಪಂದ್ಯಕ್ಕೆ ಹೆದರಿ, ನಾರ್ತ್‌ಈಸ್ಟ್ ಪಂದ್ಯ ಬಂದಾಗ ನಿರಾಳವಾಗಿದ್ದವರ ಗತಿ ಯೋಚಿಸಿ.

ನಮ್ಮ ಶಾಲಾ, ಕಾಲೇಜು ಟೂರ್ನಿಗಳಲ್ಲಂತೂ ಈ ದಾರಿ ಬೇಡವೇ ಬೇಡ. ಹತ್ತನೇ ತರಗತಿ ಮುಗಿಸಿದ ಹುಡುಗರು ಹೋದ ಕೂಡಲೇ ತಂಡವೇ ಬೇರೆ. ಹೆಸರು, ಜೆರ್ಸಿ ಮಾತ್ರ ಹಳೆಯದು. ಆಟಗಾರರು ಬಹುಪಾಲು ಉಳಿಯುವ ಕ್ಲಬ್ ತಂಡಗಳಿಗೆ ಬೇಕಾದರೆ ಬಳಸಿ, ಅದೂ ಸೀಸನ್ ಶುರುವಿನ ಅಂದಾಜಿಗೆ ಮಾತ್ರ. ನಾಲ್ಕೈದು ಪಂದ್ಯ ಆದ ಮೇಲೆ ಹೊಸ ದಾಖಲೆಗೆ ತೂಕ ಕೊಡುತ್ತ ಹೋಗಿ.

ಎದುರಾಳಿಯ ಎದುರಾಳಿಯನ್ನೂ ನೋಡುವುದು

ನಿಮ್ಮ ಎದುರಾಳಿ ಎಂಟರಲ್ಲಿ ಆರು ಗೆದ್ದಿದ್ದಾನೆ. ಸರಿ, ಯಾರ ಮೇಲೆ ಗೆದ್ದ? ಈ ಪ್ರಶ್ನೆಗೆ ಉತ್ತರವಾಗಿ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ 1981ರಲ್ಲಿ ಆರ್‌ಪಿಐ ಅನ್ನುವ ಸೂಚ್ಯಂಕ ಬಂತು. ತಂಡದ ಸ್ವಂತ ಪಾಲಿಗೆ ಶೇ 25, ಎದುರಾಳಿಗಳ ಪಾಲಿಗೆ ಶೇ 50, ಎದುರಾಳಿಗಳ ಎದುರಾಳಿಗಳ ಪಾಲಿಗೆ ಶೇ 25. ಎದುರಾಳಿಗಳ ಪಾಲು ತೆಗೆಯುವಾಗ ಸ್ವಂತ ಪಂದ್ಯಗಳನ್ನು ಕಳೆಯುತ್ತಿದ್ದರು. ಕಾಲೇಜು ಫುಟ್‌ಬಾಲ್‌ನಲ್ಲೂ 1998ರಿಂದ ಕೆಲವು ವರ್ಷ ಫೈನಲ್‌ಗೆ ತಂಡ ಆರಿಸುವಾಗ ಎದುರಾಳಿಗಳ ದಾಖಲೆಗೆ ಮೂರರಲ್ಲಿ ಎರಡು ಪಾಲು, ಅವರ ಎದುರಾಳಿಗಳ ದಾಖಲೆಗೆ ಒಂದು ಪಾಲು ಕೊಟ್ಟು ಫಿಕ್ಸ್ಚರ್‌ನ ಕಷ್ಟ ಅಳೆಯುತ್ತಿದ್ದರು. ನೂರಕ್ಕೂ ಹೆಚ್ಚು ತಂಡ, ಪ್ರತಿಯೊಂದೂ ಹನ್ನೊಂದೋ ಹನ್ನೆರಡೋ ಪಂದ್ಯ. ಅಂಥ ಕಡೆ ಇದು ಬೇಕಾಗುತ್ತದೆ.

ಆರ್‌ಪಿಐಗೆ ಒಂದು ಹಾಸ್ಯಾಸ್ಪದ ದೋಷವಿತ್ತು. ತೀರಾ ದುರ್ಬಲ ತಂಡವನ್ನು ಸೋಲಿಸಿದರೆ ನಿಮ್ಮ ಸೂಚ್ಯಂಕ ಇಳಿಯಬಹುದಿತ್ತು, ಯಾಕೆಂದರೆ ಅರ್ಧ ತೂಕ ಎದುರಾಳಿಯ ದಾಖಲೆಗೇ ಇತ್ತು. ಗೆದ್ದು ಕೆಳಗಿಳಿಯುವುದು ಎಂದರೆ ಯಾರಿಗೆ ತಾನೇ ಒಪ್ಪಿಗೆಯಾಗುತ್ತದೆ? ಪುರುಷರ ಬಾಸ್ಕೆಟ್‌ಬಾಲ್‌ನಲ್ಲಿ 2018ರಲ್ಲಿ ಅದನ್ನು ಕೈಬಿಟ್ಟರು.

ನಮ್ಮ ಕಡೆ ಇದು ಉಪಯೋಗಕ್ಕೆ ಬರುವುದು ಗುಂಪು ಮಾಡಿ ಆಡಿಸುವ ಟೂರ್ನಿಗಳಲ್ಲಿ. ಹನ್ನೆರಡು ತಂಡ, ಆರಾರರ ಎರಡು ಗುಂಪು, ಪ್ರತಿ ಗುಂಪಿನ ಮೊದಲ ಮೂವರು ಮುಂದಿನ ಹಂತಕ್ಕೆ ಬಂದು ಇನ್ನೊಂದು ಗುಂಪಿನ ಮೂವರ ಜೊತೆ ಆಡುತ್ತಾರೆ ಅಂದುಕೊಳ್ಳಿ. ಆಚೆ ಗುಂಪಿನಿಂದ ಬಂದವನ ಐದು ಗೆಲುವು ಅಗ್ಗದ್ದೋ ದುಬಾರಿಯದ್ದೋ ಅಂತ ಅವನ ದಾಖಲೆಯೊಂದೇ ಹೇಳುವುದಿಲ್ಲ. ಎರಡನೇ ಪದರ ನೋಡಿದರೆ ಸ್ವಲ್ಪ ಗೊತ್ತಾಗುತ್ತದೆ. ಸ್ವಲ್ಪ ಮಾತ್ರ. ಯಾಕೆಂದರೆ ಎರಡು ಗುಂಪುಗಳ ನಡುವೆ ನಡೆದದ್ದು ಒಂಬತ್ತೇ ಪಂದ್ಯ, ಗುಂಪಿನ ಬಲಾಬಲದ ಸುದ್ದಿಯೆಲ್ಲ ಆ ಒಂಬತ್ತರಲ್ಲೇ ಇದೆ. ಅಂಥ ಕಡೆ ಸೂತ್ರ ಬಿಟ್ಟು ಆ ಒಂಬತ್ತು ಪಂದ್ಯಗಳ ಫಲಿತಾಂಶವನ್ನೇ ನೇರವಾಗಿ ನೋಡಿಬಿಡಿ. ಆಚೆ ಗುಂಪಿನವರು ಏಳು ಗೆದ್ದಿದ್ದರೆ ಆಚೆ ಗುಂಪೇ ಗಟ್ಟಿ.

ನಾಕೌಟ್‌ನಲ್ಲಿ ಏನೂ ನಡೆಯುವುದಿಲ್ಲ

ನಮ್ಮ ಜಿಲ್ಲೆಯ ಟೂರ್ನಿಗಳು ಬಹಳಷ್ಟು ನಾಕೌಟ್. ಹದಿನಾರು ತಂಡ, ನಾಲ್ಕು ಸುತ್ತು. ಚಾಂಪಿಯನ್ ಸೋಲಿಸಿದ ನಾಲ್ವರ ದಾಖಲೆ ಯಾವಾಗಲೂ ಒಂದೇ. ಮೊದಲ ಸುತ್ತಿನವನು ಸೊನ್ನೆ ಗೆಲುವು ಒಂದು ಸೋಲು, ಎರಡನೆಯವನು ಒಂದು-ಒಂದು, ಮೂರನೆಯವನು ಎರಡು-ಒಂದು, ಫೈನಲ್‌ನವನು ಮೂರು-ಒಂದು. ಯಾರು ಗೆದ್ದರೂ, ಯಾವ ವರ್ಷವಾದರೂ ಹೀಗೆಯೇ. ಸ್ವಂತ ಪಂದ್ಯ ಕಳೆದರೆ ಇನ್ನೂ ತಮಾಷೆ. ಮೊದಲ ಸುತ್ತಿನವನಿಗೆ ದಾಖಲೆಯೇ ಇಲ್ಲ, ಉಳಿದ ಮೂವರೂ ನೂರಕ್ಕೆ ನೂರು. ಎರಡು ವರ್ಷದ ನಾಕೌಟ್ ಹಾದಿಗಳನ್ನು ಹೋಲಿಸಬೇಕಾದರೆ ಆ ತಂಡಗಳು ಬೇರೆ ಟೂರ್ನಿಗಳಲ್ಲಿ ಏನು ಮಾಡಿದವು ಅಂತಲೇ ನೋಡಬೇಕು.

ಎರಡು ಸೀಸನ್‌ಗಳ ನಡುವಿನ ಕೊಂಡಿ

ಈಗ ವಿಷಯದ ಗಂಟಿಗೆ ಬಂದೆವು. ಗೆಲುವಿನ ಪಾಲು ಯಾವಾಗಲೂ ಆ ವರ್ಷದ ಆ ಗುಂಪಿನ ಒಳಗಿನ ಅಳತೆ. ಪ್ರತಿ ಸಂತೆಯಲ್ಲೂ ಅಲ್ಲಿನದೇ ತೂಕದ ಕಲ್ಲು ಇದ್ದ ಹಾಗೆ. ಬೆಳಗಾವಿಯ ಎಂಟು ತಂಡಗಳ ಲೀಗ್‌ಗೆ ಮರುವರ್ಷ ಗೋವಾದ ಎರಡು ಬಲಿಷ್ಠ ತಂಡ ಬಂದು ಸೇರಿದವು ಅಂದುಕೊಳ್ಳಿ. ಮೈದಾನದಲ್ಲಿ ಮಟ್ಟ ಏರಿದ್ದು ಎಲ್ಲರಿಗೂ ಕಾಣುತ್ತದೆ. ಆದರೆ ಲೀಗ್‌ನ ಸರಾಸರಿ ಪಾಲು ಆ ವರ್ಷವೂ 0.500, ಈ ವರ್ಷವೂ 0.500. ಹೊಸಬರು ಗೆದ್ದಷ್ಟು ಹಳಬರು ಸೋತಿರುತ್ತಾರೆ. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಗುಂಪುಗಳಿಗೂ ಇದೇ ಮಾತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಕಪ್ ಗೆದ್ದಿತು. ಅದಕ್ಕೂ ಮೊದಲು ಗೆದ್ದದ್ದು 1968-69ರಲ್ಲಿ, ಆಗಿನ್ನೂ ಮೈಸೂರು ಹೆಸರಲ್ಲಿ. ಯಾವ ಸಲ ಎದುರಾಳಿಗಳು ಗಟ್ಟಿ ಇದ್ದರು ಅಂತ ಗೆಲುವಿನ ಪಟ್ಟಿ ಹಿಡಿದು ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ.

ಕೊಂಡಿ ಎಲ್ಲಿ ಸಿಗುತ್ತದೆ? ಒಂದು, ಎರಡೂ ವರ್ಷ ಬಹುಪಾಲು ಅದೇ ಆಟಗಾರರೊಂದಿಗೆ ಆಡಿದ ತಂಡ. ಅಂಥ ಎರಡು ಮೂರು ತಂಡಗಳ ಪಾಲು ಈ ವರ್ಷ ಒಟ್ಟಿಗೇ ಇಳಿದಿದ್ದರೆ ಲೀಗ್ ಗಟ್ಟಿಯಾಗಿದೆ ಅನ್ನಲು ಆಧಾರವಿದೆ. ಎರಡು, ಹೊರಗಿನವರ ಜೊತೆ ಆಡಿದ ಪಂದ್ಯಗಳು. ನಿಮ್ಮ ಲೀಗ್‌ನ ತಂಡಗಳು ಗೋವಾಕ್ಕೋ, ಹುಬ್ಬಳ್ಳಿಗೋ, ಕೊಲ್ಹಾಪುರಕ್ಕೋ ಹೋಗಿ ಆಡಿದರೆ ಅಲ್ಲಿನ ಫಲಿತಾಂಶ ವರ್ಷದಿಂದ ವರ್ಷಕ್ಕೆ ಬರೆದಿಡಿ. ಕೊಲ್ಹಾಪುರದವರಂತೂ ಫುಟ್‌ಬಾಲ್ ಹುಚ್ಚರು, ಅಲ್ಲಿ ಗೆದ್ದು ಬಂದರೆ ಆ ಗೆಲುವಿಗೆ ತೂಕವಿದೆ.

ಮೂರನೆಯ ಕೊಂಡಿ ಎಲೊ ಅಂಕ. ಚೆಸ್‌ಗಾಗಿ ಅರ್ಪಾದ್ ಎಲೊ ರೂಪಿಸಿದ ಪದ್ಧತಿ, ವಿಶ್ವ ಚೆಸ್ ಸಂಸ್ಥೆ ಫಿಡೆ ಇದನ್ನು 1970ರಲ್ಲಿ ತೆಗೆದುಕೊಂಡಿತು. ಫಿಫಾ ಪುರುಷರ ರ‍್ಯಾಂಕಿಂಗ್ ಕೂಡ 2018ರಿಂದ ಇದೇ ಜಾಡಿನಲ್ಲಿದೆ. ಪ್ರತಿ ತಂಡಕ್ಕೂ ಒಂದು ಅಂಕ ಇರುತ್ತದೆ. ಗಟ್ಟಿ ತಂಡವನ್ನು ಸೋಲಿಸಿದರೆ ಹೆಚ್ಚು ಏರುತ್ತದೆ, ದುರ್ಬಲ ತಂಡವನ್ನು ಸೋಲಿಸಿದರೆ ಚೂರು. ಚೆಸ್‌ನ ಅಳತೆಯಲ್ಲಿ 200 ಅಂಕ ಮೇಲಿರುವವನಿಗೆ ನಿರೀಕ್ಷಿತ ಪಾಲು ಸುಮಾರು 0.76. ಮುಖ್ಯವಾದದ್ದು ಏನೆಂದರೆ ಸೀಸನ್ ಮುಗಿದಾಗ ಅಂಕ ಅಳಿಸಿಹೋಗುವುದಿಲ್ಲ, ಮುಂದಿನ ಸೀಸನ್‌ಗೆ ಹರಿದು ಬರುತ್ತದೆ. ಹಾಗಾಗಿ ಎದುರಾಳಿಗಳ ಸರಾಸರಿ ಎಲೊವನ್ನು ಎರಡು ವರ್ಷಕ್ಕೂ ತೆಗೆದು ಹೋಲಿಸಬಹುದು. ಆದರೆ ಇದೂ ಮಾಯಾದಂಡವಲ್ಲ. ಅದೇ ಹತ್ತು ತಂಡ ತಮ್ಮೊಳಗೇ ಆಡುತ್ತಿದ್ದರೆ ಒಬ್ಬ ಗಳಿಸಿದ್ದನ್ನು ಇನ್ನೊಬ್ಬ ಕಳೆದುಕೊಳ್ಳುತ್ತಾನೆ, ಸರಾಸರಿ ಅಲ್ಲೇ ನಿಂತಿರುತ್ತದೆ. ಹೊರಗಿನ ಪಂದ್ಯ ಇಲ್ಲದೆ ಎಲೊಗೂ ಕಣ್ಣು ಕಾಣದು.

ಎಷ್ಟು ಅಂತರ ಎಂದರೆ ಅಂತರ?

ಅಂಕಿ ಬಂತು ಅಂತ ಕುಣಿಯಬೇಡಿ. ಎಂಟು ಪಂದ್ಯದ ದಾಖಲೆಯಲ್ಲಿ ಸುಮ್ನೆ ಅದೃಷ್ಟದಿಂದಲೇ ಪಾಲು 0.18ರಷ್ಟು ಆಚೀಚೆ ಆಗುತ್ತದೆ. ಎಂಟು ಎದುರಾಳಿಗಳನ್ನು ಸೇರಿಸಿದರೂ 0.06ರಷ್ಟು ಅಲುಗಾಟ ಉಳಿಯುತ್ತದೆ. ಹಾಗಾಗಿ ನಮ್ಮ ಮಟ್ಟದ ಲೀಗ್‌ನಲ್ಲಿ 0.52 ಮತ್ತು 0.49 ಎಂದರೆ ಎರಡೂ ಒಂದೇ ಅಂತ ತಿಳಿಯಿರಿ. ಎನ್‌ಎಫ್‌ಎಲ್‌ನಂಥ ಉದ್ದದ ಸೀಸನ್‌ನಲ್ಲೂ ಎದುರಾಳಿಗಳ ಪಾಲು 0.48ರ ಬದಲು 0.52 ಆದರೆ ಒಂದು ಸಾಧಾರಣ ತಂಡ 17 ಪಂದ್ಯದಲ್ಲಿ ಕಳೆದುಕೊಳ್ಳುವುದು ಒಂದು ಗೆಲುವಿಗಿಂತ ಕಡಿಮೆ. ಫಿಕ್ಸ್ಚರ್ ಕಷ್ಟ ಇತ್ತು ಅನ್ನುವ ಮಾತು ಮೂರ್ನಾಲ್ಕು ಸೋಲಿಗೆ ನೆಪವಾಗುವುದಿಲ್ಲ.

ಗೆಲುವಿನ ಪಟ್ಟಿಗೆ ಕಾಣದ ಕಷ್ಟಗಳೂ ಇವೆ, ಅವು ಕೆಲವೊಮ್ಮೆ ಎದುರಾಳಿಗಿಂತ ದೊಡ್ಡವು. 2018ರ ಮೊದಲ ತಿಂಗಳುಗಳಲ್ಲಿ ಬೆಂಗಳೂರು ಐಎಸ್‌ಎಲ್ ಜೊತೆಗೇ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಪಂದ್ಯಗಳನ್ನೂ ಆಡುತ್ತಿತ್ತು. 2019ರಲ್ಲಿ ಆ ಹೊರೆ ಇರಲಿಲ್ಲ. ಲೀಗ್ ಪಟ್ಟಿಯ ಲೆಕ್ಕದಲ್ಲಿ ಎರಡೂ 0.500. ನನ್ನ ಮಟ್ಟಿಗೆ ಮೊದಲ ವರ್ಷವೇ ಕಷ್ಟದ್ದು, ಆದರೆ ಅದಕ್ಕೆ ಕಾರಣ ದಣಿವು, ಎದುರಾಳಿಗಳ ಗೆಲುವಲ್ಲ. ಹಾಗೆಯೇ ಕೋವಿಡ್ ಕಾರಣ 2020-21ರ ಐಎಸ್‌ಎಲ್ ಪೂರ್ತಿ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಹೋಮ್, ಅವೇ ಅನ್ನುವುದೇ ಹೆಸರಿಗಷ್ಟೇ ಉಳಿಯಿತು. ಆ ಸೀಸನ್‌ನ ಗೆಲುವನ್ನು ಅದಕ್ಕೂ ಹಿಂದಿನ ಸೀಸನ್‌ನ ಗೆಲುವಿನ ಪಕ್ಕ ಇಡುವಾಗ ಇದನ್ನು ಮರೆಯಬಾರದು.

ಮುಂದಿನ ಸೀಸನ್‌ಗೆ ಏನು ಬರೆದಿಡಬೇಕು

ಜಿಲ್ಲಾ ಮಟ್ಟದ ತಂಡ ನೋಡಿಕೊಳ್ಳುವವರಿಗೆ ಒಂದು ನೋಟ್‌ಬುಕ್ ಸಾಕು. ನಿಮ್ಮ ಪಂದ್ಯಗಳಷ್ಟೇ ಅಲ್ಲ, ಟೂರ್ನಿಯ ಎಲ್ಲ ಪಂದ್ಯಗಳ ಫಲಿತಾಂಶವನ್ನೂ ದಿನಾಂಕದ ಸಮೇತ ಬರೆಯಿರಿ. ಎಲ್ಲವೂ ಇಲ್ಲದೆ ಸ್ವಂತ ಪಂದ್ಯ ಕಳೆಯುವ ಲೆಕ್ಕ ಆಗುವುದಿಲ್ಲ. ಗೋಲು ಎಷ್ಟು ಅಂತಲೂ ಬರೆಯಿರಿ. ಕಡಿಮೆ ಪಂದ್ಯಗಳಿದ್ದಾಗ ಗೋಲು ಅಂತರ ಗೆಲುವಿಗಿಂತ ಹೆಚ್ಚು ಸುದ್ದಿ ಹೇಳುತ್ತದೆ. ಹೊರಗಿನ ಊರಿನ ತಂಡಗಳ ಜೊತೆ ಆಡಿದ್ದನ್ನು ಬೇರೆ ಪುಟದಲ್ಲಿಡಿ, ಕೊಂಡಿ ಬೇಕಾದಾಗ ಅದೇ ಬರುವುದು. ಎದುರಾಳಿ ತಂಡದಲ್ಲಿ ಹೋದ ವರ್ಷದ ಹುಡುಗರು ಎಷ್ಟು ಜನ ಉಳಿದಿದ್ದಾರೆ ಅಂತ ಒಂದು ಸಾಲು.

ವಾಕೋವರ್‌ಗಳನ್ನು (ಎದುರಾಳಿ ಬಾರದೆ ಸಿಕ್ಕ ಗೆಲುವು) ಗೆಲುವಿನ ಲೆಕ್ಕಕ್ಕೆ ಸೇರಿಸಬೇಡಿ, ಎರಡೂ ಕಡೆಯಿಂದ ತೆಗೆದುಬಿಡಿ. ಬೈ (ಆಡದೆಯೇ ಮುಂದಿನ ಸುತ್ತು) ಸಿಕ್ಕಿದ್ದೂ ಪಂದ್ಯವಲ್ಲ. ಟೈಬ್ರೇಕರ್‌ನಲ್ಲಿ ಗೆದ್ದದ್ದನ್ನು ಡ್ರಾ ಅಂತಲೇ ಬರೆದು ಪಕ್ಕದಲ್ಲಿ ಗುರುತು ಹಾಕಿ. ಐದು ಪೆನಾಲ್ಟಿಯ ಫಲಿತಾಂಶದಿಂದ ತಂಡದ ಬಲ ಅಳೆಯಲು ಹೋದರೆ ಗೋಲ್‌ಕೀಪರ್‌ನ ಆ ದಿನದ ಅದೃಷ್ಟವನ್ನೇ ಅಳೆದ ಹಾಗಾಗುತ್ತದೆ.